ಮಜ್ಜಿಗೆಗೆ ಬಿದ್ದ ಬಾಳೆದಿಂಡು

ಮೇಷ್ಟ್ರಾದವರು ಯಾವ ಸಂಗತಿಯನ್ನು ಗಂಟಲು ಹರಿಯುವಂತೆ ಪಾಠ ಹೇಳುತ್ತಾರೋ ಅದನ್ನು ಎಷ್ಟೋ ಸಲ ತಾವೇ ಕಣ್ಣಾರೆ ಕಂಡಿರುವುದಿಲ್ಲ. ಇದು ಬೇರೆ ಮೇಷ್ಟ್ರುಗಳ ಮೇಲಿನ ಚಾಡಿಯಲ್ಲ, ನನ್ನದೇ ತಪ್ಪೊಪ್ಪಿಗೆ. ಮೊನ್ನೆ ಡಾಕ್ಟರೊಬ್ಬರು ನನ್ನ ನಾಡಿ ಹಿಡಿದು, "ತಾತ, ಆಂಟಿ-ಆಕ್ಸಿಡೆಂಟ್ ಇರೋ ಪದಾರ್ಥ ಚೆನ್ನಾಗಿ ತಿನ್ನಿ" ಎಂದರು. ನಮ್ಮನ್ನು ಬದುಕಿಸುವ ಆಮ್ಲಜನಕವೇ ಮೈಯೊಳಗೆ ಅಲ್ಲಲ್ಲಿ ಕಿತಾಪತಿ ಮಾಡುತ್ತದಂತೆ. ಸೊಪ್ಪು, ನೆಲ್ಲಿಕಾಯಿ, ಸೀಬೆ, ನೇರಳೆಯಲ್ಲಿರುವ ಸತ್ವಗಳು ಅದಕ್ಕೆ ಅಡ್ಡ ನಿಲ್ಲುತ್ತವಂತೆ. ನನಗೆ ನಗು ತಡೆಯಲಾಗಲಿಲ್ಲ. ಈ ಪಾಠವನ್ನು ನಾನು ಎಪ್ಪತ್ತರ ದಶಕದಲ್ಲೇ ಮಾಡಿ, ಮಾನ ಕಳೆದುಕೊಂಡು, ಕೆಲಸವನ್ನೂ ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದವನು.

ಆಗ ನಾನು ದೊಡ್ಡಬೆಳವಂಗಲದ ಆಚೆಯ ಒಂದು ಹಳ್ಳಿಯಲ್ಲಿ ಹಂಗಾಮಿ ವಿಜ್ಞಾನದ ಮೇಷ್ಟ್ರು. ಹೊಸದಾಗಿ ಮದುವೆಯಾಗಿತ್ತು. ಹಂಗಾಮಿ ಎಂದರೆ ಯಾವತ್ತು ಬೇಕಾದರೂ ಗಂಟುಮೂಟೆ ಕಟ್ಟಬೇಕಾದವನು. ನಮ್ಮ ಮಾವನವರಂತೂ ಬಂದಾಗಲೆಲ್ಲ "ಏನಪ್ಪಾ, ಖಾಯಂ ಆಯ್ತಾ?" ಎಂದೇ ಮಾತು ಶುರುಮಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಪಾಠ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರು ಒಂದು ಒಳ್ಳೆಯ ಮಾತು ಬರೆದರೆ ಖಾಯಂ, ಬರೆಯದಿದ್ದರೆ ಮಾವನವರ ಹೊಲದಲ್ಲಿ ರಾಗಿ ಕಳೆ ಕೀಳುವುದು.

ನಾನು ಒಂದು ಪುಸ್ತಕ ಹುಡುಕಿ ಭಾರಿ ಪ್ರಯೋಗವೊಂದನ್ನು ಹೂಡಿದೆ. ಹೆಚ್ಚಿದ ಬಾಳೆದಿಂಡು ಗಾಳಿಗೆ ಕಪ್ಪಾಗುತ್ತದೆ, ನಿಂಬೆರಸ ಹಿಂಡಿದರೆ ಬೆಳ್ಳಗೇ ಉಳಿಯುತ್ತದೆ. ಎರಡು ತಟ್ಟೆ ಇಟ್ಟು ತೋರಿಸಿ, ನಿಂಬೆಯ ಸತ್ವ ಆಮ್ಲಜನಕದ ಪೆಟ್ಟನ್ನು ತಡೆಯುವುದನ್ನು ಹೇಳಿ, ಅಲ್ಲಿಂದ ಹಾರಿ ಸೊಪ್ಪು, ಹಣ್ಣು ನಮ್ಮ ಮೈಯನ್ನು ಕಾಪಾಡುವ ಕತೆಗೆ ಬರುವುದು. ಆದರೆ ದಿಂಡು ಹೆಚ್ಚುವುದು ಸುಲಭವೇ? ಬಿಲ್ಲೆ ಬಿಲ್ಲೆಗೂ ನಾರು ಬರುತ್ತದೆ, ಅದನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು. ಸಾಹೇಬರ ಮುಂದೆ ನಾನು ನಾರಿನಲ್ಲಿ ಸಿಕ್ಕಿಕೊಂಡರೆ ಗತಿ? ಮನೆ ಶಾಲೆಯ ಬೆನ್ನಿಗೇ ಇತ್ತು. ಹೆಂಡತಿ ಜಯಮ್ಮನಿಗೆ ಹೇಳಿದೆ: "ನೋಡು, ಗಂಟೆ ಹೊಡೆದ ತಕ್ಷಣ ದಿಂಡು ಹೆಚ್ಚಿ ತಗೊಂಡು ಬಾ. ನಿಂಬೆಹಣ್ಣು ಮಾತ್ರ ಒಂದು ಹನೀನೂ ಸೋಕಿಸ್ಬೇಡ. ನನ್ನ ಕೆಲಸ ಅದರ ಮೇಲೆ ನಿಂತಿದೆ."

"ಅಯ್ಯೋ, ನಾನ್ಯಾಕೆ ಸೋಕಿಸ್ಲಿ?" ಎಂದಳು ಜಯಮ್ಮ.

ಗಂಟೆ ಹೊಡೆಯಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಜಯಮ್ಮ ಬಾಗಿಲಲ್ಲಿ ಡಬ್ಬಿ ಕೊಟ್ಟು, ಗಂಡನ ಗೆಲುವನ್ನು ನೋಡಲು ಕಿಟಕಿಯ ಹೊರಗೆ ನಿಂತಳು. ನಾನು ದಿಂಡನ್ನು ಎರಡು ತಟ್ಟೆಗೆ ಹಂಚಿ, ಬಲಗಡೆಯದಕ್ಕೆ ನಿಂಬೆಹಣ್ಣು ಹಿಂಡಿದೆ. "ಮಕ್ಕಳೇ, ಎಡಗಡೆಯದನ್ನು ನೋಡುತ್ತಿರಿ, ಈಗ ಕಪ್ಪಾಗುತ್ತದೆ" ಎಂದೆ. ಮಕ್ಕಳು ನೋಡಿದರು. ಸಾಹೇಬರು ಎದ್ದು ಬಂದು ನೋಡಿದರು. ನಾನು ನೆಲ್ಲಿಕಾಯಿಯ ಮಹಿಮೆ ಹೇಳಿ ಮುಗಿಸಿದೆ, ಸೊಪ್ಪಿನ ಮಹಿಮೆ ಹೇಳಿದೆ, ಬೇರೇನೂ ಹೊಳೆಯದೆ ನೆಲ್ಲಿಕಾಯಿಯದನ್ನೇ ಮತ್ತೊಮ್ಮೆ ಹೇಳಿದೆ. ದಿಂಡು ಮಲ್ಲಿಗೆಯ ಹಾಗೆ ಬೆಳ್ಳಗಿತ್ತು.

"ಮೇಷ್ಟ್ರೇ, ಯಾವುದು ಕಪ್ಪಾಗ್ಬೇಕು?"

"ಎಡಗಡೇದು ಸಾರ್."

"ನಿಮ್ಮ ಮುಖ ಆಗ್ಲೇ ಆಯ್ತಲ್ರೀ!"

ರಾಗಿ ಹೊಲ ಕಣ್ಣಮುಂದೆ ಬಂತು. ಅಷ್ಟರಲ್ಲಿ ಮುಂದಿನ ಸಾಲಿನ ಲಕ್ಷ್ಮೀದೇವಿ ಎಂಬ ಹುಡುಗಿ ತಟ್ಟೆಯ ಹತ್ತಿರ ಬಗ್ಗಿ ಮೂಸಿ, "ಸಾ, ಇದು ಮಜ್ಜಿಗೇಲಿ ಹಾಕಿದ್ ದಿಂಡು. ಇನ್ನು ನಾಳೆಯಾದ್ರೂ ಕರ್ರಗಾಗಲ್ಲ ಬುಡಿ" ಎಂದಳು. ಇಡೀ ತರಗತಿ ಗೊಳ್ಳೆಂದಿತು.

ನಾನು ಕಿಟಕಿಯ ಕಡೆ ತಿರುಗಿದೆ. ಜಯಮ್ಮ ಕಣ್ಣರಳಿಸಿ, "ನೀವು ನಿಂಬೆಹಣ್ಣು ಬೇಡ ಅಂದ್ರಿ, ಹಾಕ್ಲಿಲ್ಲ. ದಿಂಡನ್ನ ಮಜ್ಜಿಗೇಗೆ ಹೆಚ್ಚದೆ ಇನ್ಯಾತಕ್ಕೆ ಹೆಚ್ತಾರೆ? ಆಮೇಲೆ ತೊಳೆದು, ಬಟ್ಟೇಲಿ ಒರೆಸಿ ತಂದಿದೀನಿ" ಎಂದಳು.

ಸಾಹೇಬರು ನಗು ನುಂಗಿಕೊಂಡು ಕೇಳಿದರು: "ಯಾಕಮ್ಮಾ ಮಜ್ಜಿಗೆ?"

"ಇಲ್ದಿದ್ರೆ ಗಾಳಿ ತಾಗಿ ಕರ್ರಗಾಗುತ್ತಲ್ಲ ಸ್ವಾಮಿ. ಹುಳಿ ಇದ್ರೆ ಆಗಲ್ಲ."

ನಾನು ಇಡೀ ಪೀರಿಯಡ್ಡು ಹೇಳಿದ್ದನ್ನು ಅವಳು ಎರಡು ಉಸಿರಿಗೆ ಮುಗಿಸಿದ್ದಳು. ಸಾಹೇಬರು ಈಗ ಜೋರಾಗಿಯೇ ನಕ್ಕುಬಿಟ್ಟರು. ಮಧ್ಯಾಹ್ನ ನಮ್ಮ ಮನೆಯಲ್ಲೇ ಅವರ ಊಟ. ಮುದ್ದೆ, ಬೆರಕೆ ಸೊಪ್ಪಿನ ಸಾರು, ಜೊತೆಗೆ ಪ್ರಯೋಗದಲ್ಲಿ ಕೈಕೊಟ್ಟ ಅದೇ ದಿಂಡಿನ ಕೋಸಂಬರಿ. ಅವರು ಮೂರು ಸಲ ಬಡಿಸಿಕೊಂಡರು. ನಾನು ಮಾತ್ರ ಖಾಯಂ ಮಾತು ಬರುತ್ತದೇನೋ ಎಂದು ಅವರ ಬಾಯನ್ನೇ ನೋಡುತ್ತಿದ್ದೆ.

ಹದಿನೈದು ದಿನಕ್ಕೆ ಕಾಗದ ಬಂತು. "ಪ್ರಯೋಗ ಕೆಟ್ಟಿತು, ಪಾಠ ಕೆಡಲಿಲ್ಲ. ಇವರನ್ನು ಖಾಯಂ ಮಾಡಬಹುದು. ಇವರಿಗೆ ಮನೆಯಲ್ಲಿ ಒಳ್ಳೆಯ ತರಬೇತಿ ಸಿಗುತ್ತಿದೆ" ಎಂದು ಸಾಹೇಬರು ಬರೆದಿದ್ದರು. ನಾನು ಜಯಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ. "ಬಿಡ್ರೀ, ಹಾಲು ಉಕ್ತಾ ಇದೆ!" ಎಂದು ಅವಳು ಕೂಗಿಕೊಂಡಳು. ಹಾಲು ಉಕ್ಕಿಯೇ ಹೋಯಿತು. ಅಷ್ಟು ಖುಷಿ ಆಮೇಲೆ ಪಿಂಚಣಿ ಬಂದಾಗಲೂ ಆಗಲಿಲ್ಲ.

ಮೊನ್ನೆ ಡಾಕ್ಟರ ಮಾತನ್ನು ಮನೆಗೆ ತಂದು ಜಯಮ್ಮನಿಗೆ ವಿವರವಾಗಿ ಹೇಳಿದೆ. ಅವಳು ಈಳಿಗೆಮಣೆಯ ಮುಂದೆ ದಿಂಡು ಹೆಚ್ಚುತ್ತಾ, "ಹೂಂ, ಹೂಂ" ಎಂದಳು. ನನಗೆ ಹಳೆಯ ಆಸೆ ಕೆರಳಿತು. "ಒಂದೇ ಒಂದು ಬಿಲ್ಲೆ ಹೊರಗಿಡೇ. ಈ ವಯಸ್ಸಿಗಾದರೂ ಅದು ಕಪ್ಪಾಗೋದನ್ನ ನೋಡ್ತೀನಿ" ಎಂದೆ.

"ಒಳ್ಳೆ ಪದಾರ್ಥ ಹಾಳು ಮಾಡಕ್ಕೆ ನಿಮಗೇನು ಬಂದಿದೆ?" ಎಂದು ಅವಳು ಆ ಬಿಲ್ಲೆಯನ್ನೂ ಮಜ್ಜಿಗೆಗೆ ಹಾಕಿದಳು.

ಮೂವತ್ತು ವರ್ಷ ನಾನು ಮಕ್ಕಳಿಗೆ, ಹೆಚ್ಚಿದ ದಿಂಡು ಗಾಳಿಗೆ ಕಪ್ಪಾಗುತ್ತದೆ ಎಂದು ಮೇಜು ಗುದ್ದಿ ಹೇಳಿದ್ದೇನೆ. ಆದರೆ ಈ ಮನೆಯಲ್ಲಿ ಇವತ್ತಿನವರೆಗೂ ಒಂದು ಬಿಲ್ಲೆಯೂ ಕಪ್ಪಾದದ್ದನ್ನು ನಾನು ನೋಡಿಲ್ಲ.