ಕೋಟು ತೊಟ್ಟ ಬಕೆಟ್ಟು

ಎರಡು ಮೊಟ್ಟೆ ಒಡೆಯದೆ ಹೋಗಿದ್ದರೆ ಬಹ್ಜತನ ಆ ದಿನವೂ ಎಲ್ಲ ದಿನಗಳ ಹಾಗೆ ಚಹದಲ್ಲಿ ಹುಟ್ಟಿ ತೂಕಡಿಕೆಯಲ್ಲಿ ಮುಗಿಯುತ್ತಿತ್ತು. ಆದರೆ ಒಡೆದವು. ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬೆತ್ತದ ಬುಟ್ಟಿಯಲ್ಲಿ, ಕೆಳಗಿನ ಅಂಗಡಿಯ ಶಿಹಾತಾ ಮೊಟ್ಟೆ ಇಟ್ಟು ಅದರ ಮೇಲೆ ಈರುಳ್ಳಿ ಸುರಿದಿದ್ದ. ಬುಟ್ಟಿ ಮೇಲೆ ಬರುವಷ್ಟರಲ್ಲಿ ರೊಟ್ಟಿಗಳೆಲ್ಲ ಹಳದಿ ಲೋಳೆಯಲ್ಲಿ ಮಿಂದು ಕೂತಿದ್ದವು.

ಅಲೆಕ್ಸಾಂಡ್ರಿಯಾದ ಆ ಓಣಿಯಲ್ಲಿ ಸಾಮಾನಿಗಾಗಿ ಮೆಟ್ಟಿಲಿಳಿಯುವವರು ಕಡಿಮೆ. ಹಗ್ಗ ಇಳಿಯುತ್ತದೆ, ಸಾಮಾನು ಏರುತ್ತದೆ. ಬಹ್ಜತನಂತೂ ಟ್ರಾಮಿನ ಕಂಡಕ್ಟರನಾಗಿ ನಿಂತೇ ಆಯುಷ್ಯ ಸವೆಸಿದವನು. ಅವನ ಜೊತೆಗೇ ಅವನ ಮಂಡಿಗಳೂ ನಿವೃತ್ತಿ ಪಡೆದಿದ್ದವು.

ಹೆಂಡತಿ ಇನ್‌ಶಿರಾಹ್ ಮೊಟ್ಟೆಯನ್ನು ನೋಡಲಿಲ್ಲ. ಊಟದ ಮೇಜಿನ ಮೇಲೆ ಮಹಾರಾಣಿಯ ಹಾಗೆ ಕೂತಿದ್ದ ಹೊಲಿಗೆ ಮಷಿನನ್ನು ನೋಡಿದಳು. ನಿವೃತ್ತಿಯ ನಂತರ ಗಂಡ ಅದರಲ್ಲಿ ಚಹದ ಕೆಟಲಿಗೊಂದು ಟೊಪ್ಪಿ ಹೊಲಿದಿದ್ದ. ಮೂತಿಯೂ ಮುಚ್ಚಿಹೋಗಿ ಚಹ ಹೊರಗೇ ಬರಲಿಲ್ಲ. ದಿಂಬಿಗೊಂದು ಚೀಲ ಹೊಲಿದಿದ್ದ. ದಿಂಬು ಒಳಗೇ ಹೋಗಲಿಲ್ಲ.

"ಕೇಳು ಮಾರಾಯ," ಎಂದಳು, "ಇದು ಮೇಜು ಹತ್ತಿದ ಮೇಲೆ ನಾವು ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ತಿದ್ದೀವಿ. ಉಪಯೋಗಕ್ಕೆ ಬರೋ ಒಂದೇ ಒಂದು ವಸ್ತು ಇದರಿಂದ ಹುಟ್ಟಿಲ್ಲ. ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ಹಳೇ ಸಾಮಾನಿನ ಮಬ್ರೂಕ್ ಬರ್ತಾನೆ. ಅಷ್ಟರೊಳಗೆ ಒಂದು ಮಾಡಿ ತೋರಿಸು. ಇಲ್ದಿದ್ರೆ ಇದು ಅವನ ಕತ್ತೆಗಾಡಿ ಹತ್ತುತ್ತೆ."

ಬಹ್ಜತ್ ಮಷಿನಿನ ಚಕ್ರದ ಮೇಲಿನ ಧೂಳು ಒರೆಸಿದ. ಅದು ಅವನ ತಾಯಿಯ ಮಷಿನು. ಬೆಳಗಿನ ನಮಾಜು ಮುಗಿಸಿ ಆಕೆ ಕುರಾನಿನ ಸೂರಾಗಳನ್ನು ಮೆಲ್ಲನೆ ಹೇಳಿಕೊಳ್ಳುತ್ತ ಹೊಲಿಯುತ್ತಿದ್ದಳು. ಉಸಿರಿಗೆ ಆಕೆ ನಿಂತ ಕಡೆ ಮಷಿನೂ ನಿಲ್ಲುತ್ತಿತ್ತು. ಆಕೆ ಎತ್ತಿಕೊಂಡ ಕಡೆ ತಾನೂ ಎತ್ತಿಕೊಳ್ಳುತ್ತಿತ್ತು. ಆ ಸದ್ದನ್ನು ಕತ್ತೆಗಾಡಿ ಹತ್ತಿಸಲು ಅವನು ತಯಾರಿರಲಿಲ್ಲ.

ಕಣ್ಣು ಮೊಳೆಗೆ ನೇತುಹಾಕಿದ್ದ ತನ್ನ ಹಳೆಯ ಕಂಡಕ್ಟರ್ ಚೀಲದ ಮೇಲೆ ಬಿತ್ತು. ಚಿಲ್ಲರೆಗೊಂದು ಜೇಬು, ಟಿಕೆಟ್ಟಿಗೊಂದು ಜೇಬು, ಕಡಲೆಬೀಜಕ್ಕೊಂದು ಗುಟ್ಟಿನ ಜೇಬು. ಟ್ರಾಮು ಎಷ್ಟು ಕುಲುಕಿದರೂ ಒಂದು ಇನ್ನೊಂದರ ತಂಟೆಗೆ ಹೋಗುತ್ತಿರಲಿಲ್ಲ. ಮೊಟ್ಟೆಗೂ ಈರುಳ್ಳಿಗೂ ಅಂಥದೊಂದು ಮನೆ ಮಾಡಿಕೊಟ್ಟರೆ?

ಬಕೆಟ್ಟೊಂದು ಮಂಚದಡಿ ಇತ್ತು. ಇನ್‌ಶಿರಾಹ್ ತಂಗಿಯ ಮನೆಗೆ ಹೋಗಿದ್ದ ದಿನಗಳಲ್ಲಿ ಯಾರೋ ಅದನ್ನು ಇವರ ಮನೆಯ ಬಾಗಿಲ ಮುಂದೆ ಬೋರಲು ಹಾಕಿ ಹೋಗಿದ್ದರು. ಹಸಿರು ಬಣ್ಣ, ಕೆಂಪು ತಂತಿ ಸುತ್ತಿ ರಿಪೇರಿ ಮಾಡಿದ ಹಿಡಿ, ಕಲ್ಲಿನಂಥ ಗಟ್ಟಿ. ಇಂಥದನ್ನೂ ಎಸೆಯುವವರಿಗೆ ಅಲ್ಲಾಹು ಬುದ್ಧಿ ಕೊಡಲಿ ಎಂದು ಬೇಡಿಕೊಂಡು ಬಹ್ಜತ್ ಅದನ್ನು ಒಳಗೆ ತಂದಿಟ್ಟಿದ್ದ.

ತನ್ನ ಖಾಕಿ ಕೋಟನ್ನು ಹರಡಿ, ಬಿಸ್ಮಿಲ್ಲಾ ಎಂದು ಕತ್ತರಿ ಹಾಕಿದ. ಬಕೆಟ್ಟಿನ ಸುತ್ತಳತೆಗೆ ಒಂದು ಪಟ್ಟಿ. ಅದರ ಮೇಲೆ ರೊಟ್ಟಿಗೆ ಅಗಲದ ಜೇಬು, ಸೀಸೆಗೆ ಉದ್ದದ್ದು, ಮೊಟ್ಟೆಗೆ ಹತ್ತಿ ತುಂಬಿದ ಪುಟ್ಟ ಜೇಬುಗಳು, ಎಲ್ಲಕ್ಕೂ ಗುಂಡಿ ಹಾಕುವ ಮುಚ್ಚಳ, ಹಿಡಿಗೆ ಕೋಟಿನ ತೋಳಿನದೇ ಒಂದು ಗವಸು.

ಮಷಿನಿನ ಸದ್ದು ಕೇಳಿದರೆ ಎರಡನೆಯ ಮಹಡಿಯ ತಫೀದಾ ಹಾಜಿಯಮ್ಮನಿಗೆ ಕಾಲು ನಿಲ್ಲುವುದಿಲ್ಲ. ಏದುಸಿರು ಬಿಡುತ್ತ ಹತ್ತಿ ಬಂದು, ಯಾರೂ ಹೇಳದಿದ್ದರೂ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ಹೊಲಿಗೆ ಸೊಟ್ಟಗಿದೆ ಎಂದಳು. ಆಮೇಲೆ ಮೆಟ್ಟಿಲುಗಳ ಕೊಳೆಯನ್ನು ಎತ್ತಿಕೊಂಡಳು. ತೊಳೆಯುವ ಸರದಿ ಯಾರದೆಂದು ಕೇಳಿದರೆ ಎಲ್ಲರೂ ಸೂರು ನೋಡುತ್ತಾರಂತೆ, ಕಟ್ಟಡದಲ್ಲಿ ದೇವರ ಭಯವೇ ಉಳಿದಿಲ್ಲವಂತೆ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದ ಬಹ್ಜತ್ ಹೌದೆಂದು ತಲೆಯಾಡಿಸಿದ.

ಹೊಲಿದು ಮುಗಿಸಿ, ಒಳಕೋಣೆಯಲ್ಲಿದ್ದ ಬಕೆಟ್ಟಿಗೆ ತೊಡಿಸಿ ಹೊರತಂದರೆ ಜೇಬುಗಳೆಲ್ಲ ಒಳಮುಖವಾಗಿದ್ದವು. ಹಾಜಿಯಮ್ಮ ನಕ್ಕ ನಗೆಗೆ ಕುರ್ಚಿಯೂ ಕಿರುಗುಟ್ಟಿತು. ಒಳಗೊಯ್ದು ಬಿಚ್ಚಿ ಮತ್ತೆ ಹೊಲಿದ. ಈ ಸಲ ಅಂಚು ಜಾರಿತು. ಬಿಗಿಯಾಗಿ ಹಿಡಿಯಲು ಎಲಾಸ್ಟಿಕ್ ಬೇಕು. ಅಷ್ಟರಲ್ಲಿ ಮಸೀದಿಯಿಂದ ಅಸರ್ ಅಜಾನ್ ಕೇಳಿಸಿತು. ಮನೆಯಲ್ಲಿದ್ದ ಎಲಾಸ್ಟಿಕ್ ಒಂದೇ, ಅದು ಅವನು ತೊಟ್ಟಿದ್ದ ಪೈಜಾಮದಲ್ಲಿತ್ತು. ಬಚ್ಚಲಿಗೆ ಹೋಗಿ ಅದನ್ನು ಎಳೆದು ತಂದು ಬಕೆಟ್ಟಿಗೆ ಕೊಟ್ಟ. ಬಕೆಟ್ಟು ನೆಟ್ಟಗೆ ನಿಂತಿತು; ಪೈಜಾಮಕ್ಕೆ ಒಂದು ಕೈ ಕಾವಲು ಬೇಕಾಯಿತು.

ನಮಾಜು ಮುಗಿಸಿ ಬಾಲ್ಕನಿಗೆ ಬಂದಾಗ ಓಣಿಯ ತುದಿಯಲ್ಲಿ ಮಬ್ರೂಕನ ಕೂಗು ಕೇಳಿಸುತ್ತಿತ್ತು. ಬಹ್ಜತ್ ಬಕೆಟ್ಟನ್ನು ಇಳಿಬಿಟ್ಟ. ಅಷ್ಟರಲ್ಲಿ ತನ್ನ ಮನೆ ಸೇರಿದ್ದ ಹಾಜಿಯಮ್ಮ ಎರಡನೆಯ ಮಹಡಿಯಲ್ಲಿ ಹಗ್ಗವನ್ನು ತಡೆದಳು.

"ಇಷ್ಟೊಂದು ಜೇಬು ನಿನ್ನೊಬ್ಬನಿಗೆ ಯಾಕಪ್ಪ? ನಂಗೊಂದು ಸೀಸೆ ವಿನೆಗರ್ ಹೇಳು."

ಮೊದಲ ಮಹಡಿಯ ಲಬೀಬ್ ಮೇಷ್ಟ್ರು, ಶಾಲಾ ತಪಾಸಣೆಯ ಚಾಳಿಯನ್ನು ಇನ್ನೂ ಬಿಡದವರು, ಜೇಬುಗಳನ್ನು ಒಂದೊಂದಾಗಿ ಪರೀಕ್ಷಿಸಿ, ತಮಗೊಂದು ಸೀಸೆ ಕಪ್ಪು ಕಾಕಂಬಿಯನ್ನೂ ಸಕ್ಕರೆಯನ್ನೂ ಕೂಗಿ ಹೇಳಿದರು. ಶಿಹಾತಾ ಮೊಟ್ಟೆ ಇಟ್ಟ, ರೊಟ್ಟಿ ಇಟ್ಟ, ಎಲ್ಲರದೂ ಇಟ್ಟ, ಬಕೆಟ್ಟಿನ ಹೊಟ್ಟೆಗೆ ಈರುಳ್ಳಿ ಸುರಿದ. ಬಕೆಟ್ಟು ಮದುವೆ ದಿಬ್ಬಣಕ್ಕೆ ಹೊರಟ ಒಂಟೆಯ ಹಾಗೆ ಕಂಡಿತು.

ಒಂಟಿ ಕೈಗೆ ಅದು ಏಳಲಿಲ್ಲ. ಎರಡೂ ಕೈ ಹಾಕಿದರೆ ಪೈಜಾಮ ಇಳಿಯುತ್ತದೆ. ಬಹ್ಜತ್ ಹೊಟ್ಟೆಯನ್ನು ಬಾಲ್ಕನಿಯ ಕಂಬಿಗೆ ಒತ್ತಿ, ಮಾನವನ್ನು ಅಲ್ಲಿ ಸಿಕ್ಕಿಸಿ, ಎಳೆದ. ಕೆಳಗೆ ಜನ ಸೇರಿದರು. ಮಬ್ರೂಕ್ ಗಾಡಿ ನಿಲ್ಲಿಸಿದ. ಎರಡನೆಯ ಮಹಡಿಗೆ ಬಂದಾಗ ಕಂಬಿಯಿಂದ ಹೊಟ್ಟೆ ಜಾರಿತು, ಒಂದು ಕೈ ತಾನಾಗಿ ಸೊಂಟಕ್ಕೆ ಹೋಯಿತು, ಬಕೆಟ್ಟು ಗಾಳಿಯಲ್ಲಿ ತಲೆಕೆಳಗಾಯಿತು.

ಈರುಳ್ಳಿ ಆಲಿಕಲ್ಲಿನ ಹಾಗೆ ಮಬ್ರೂಕನ ತಲೆಯ ಮೇಲೆ ಸುರಿಯಿತು. ಓಣಿ ಉಸಿರು ಹಿಡಿಯಿತು. ಜೇಬಿನಿಂದ ಮಾತ್ರ ಏನೂ ಬೀಳಲಿಲ್ಲ.

ಹಾಜಿಯಮ್ಮ ಹಗ್ಗ ಹಿಡಿದಳು, ಇನ್‌ಶಿರಾಹ್ ಓಡಿಬಂದು ಗಂಡನ ಹಿಂದೆ ನಿಂತು ಎಳೆದಳು. ಬಕೆಟ್ಟು ಮೇಲೆ ಬಂತು. ಆಕೆ ಗುಂಡಿ ಬಿಚ್ಚಿ ಮೊಟ್ಟೆಗಳನ್ನು ತೆಗೆದು, ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದರಲ್ಲೂ ಕೂದಲೆಳೆಯ ಬಿರುಕಿಲ್ಲ. ಹಾಜಿಯಮ್ಮ ನಾಲಗೆ ಹೊರಳಿಸಿ ಮದುವೆಮನೆಯ ಉಲಿ ಹಾಕಿದಳು. ಓಣಿಯೆಲ್ಲ ಚಪ್ಪಾಳೆ ತಟ್ಟಿತು.

ಇನ್‌ಶಿರಾಹ್ ಕಂಬಿಯ ಮೇಲೆ ಬಾಗಿದಳು. "ಮಬ್ರೂಕ್, ಹೋಗಪ್ಪ. ನಮ್ಮಲ್ಲಿ ಹಳೇ ಸಾಮಾನು ಯಾವುದೂ ಇಲ್ಲ."

ಬಹ್ಜತ್ ಮಷಿನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಅರಮನೆ ಗೆದ್ದವನಿಗೂ ಅಷ್ಟು ತೃಪ್ತಿ ಆಗಿರಲಾರದು.

ಅಷ್ಟರಲ್ಲಿ ಮನೆ ತುಂಬಿತು. ತನಗೂ ಅಂಥದೊಂದು ಬೇಕೆಂದು ಹಾಜಿಯಮ್ಮ, ಜೇಬಿಗೆ ಹಾಕಿಸಿದ ಕಾಕಂಬಿಯ ನೆಪದಲ್ಲಿ ಮೇಷ್ಟ್ರು. ಸೀಸೆ ತೆಗೆದಾಗ ತಲೆಕೆಳಗಾದ ಹೊತ್ತಿನಲ್ಲಿ ಒಂದು ತೊಟ್ಟು ಸೋರಿದ್ದು ಕಂಡಿತು. ಬೆಳಿಗ್ಗೆ ಆ ಮಷಿನನ್ನು ಕತ್ತೆಗೆ ಕೊಡಲು ಹೊರಟಿದ್ದ ಇನ್‌ಶಿರಾಹ್‌ಗೆ ಈಗ ಅದರ ಮಗುವಿನ ಮೇಲೆ ಅಷ್ಟು ಕಲೆಯನ್ನೂ ಸಹಿಸಲಾಗಲಿಲ್ಲ. ಒಗೆದು ಕೊಡುತ್ತೇನೆಂದು ಎಲಾಸ್ಟಿಕ್ ಎಳೆದು, ಹಿಡಿಯ ಗವಸನ್ನೂ ಬಿಚ್ಚಿ ಕೋಟು ಕಳಚಿದಳು.

ಹಸಿರು ಬಕೆಟ್ಟು ಬರಿಮೈಯಲ್ಲಿ ನಿಂತಿತು.

ಹಾಜಿಯಮ್ಮ ಬಗ್ಗಿ ಹಿಡಿಯ ಮೇಲಿನ ಕೆಂಪು ತಂತಿಯನ್ನು ಬೆರಳಲ್ಲಿ ಮುಟ್ಟಿದಳು. "ಇದನ್ನ ಸುತ್ತಿದ್ದು ನಾನು," ಎಂದಳು. "ಇದು ಮೆಟ್ಟಿಲು ತೊಳೆಯೋ ಬಕೆಟ್ಟು."

ಇನ್‌ಶಿರಾಹ್ ಹಣೆಗೆ ಕೈ ಹಚ್ಚಿದಳು. ಆ ಕಟ್ಟಡದ ಹೆಂಗಸರಿಗೆಲ್ಲ ಗೊತ್ತಿದ್ದು ಗಂಡಸರಿಗೆ ಎಂದೂ ಬೇಕಾಗಿರದ ಪದ್ಧತಿಯೊಂದಿತ್ತು: ಮೆಟ್ಟಿಲು ತೊಳೆದವರು ಬಕೆಟ್ಟನ್ನು ಮುಂದಿನ ಮನೆಯ ಬಾಗಿಲಲ್ಲಿ ಬೋರಲು ಹಾಕುತ್ತಾರೆ. ಯಾರ ಬಾಗಿಲಲ್ಲಿ ಬಕೆಟ್ಟೋ ಅವರದು ಸರದಿ. ತೊಳೆಯುವವರೆಗೆ ಅದು ಅವರದೇ.

"ಅಂದ್ರೆ ಅವತ್ತಿಂದ ಇವತ್ತಿನವರೆಗಿನ ಕೊಳೆ?" ಎಂದು ಮೇಷ್ಟ್ರು ಕೇಳಿದರು.

"ನಮ್ಮದೇ," ಎಂದಳು ಇನ್‌ಶಿರಾಹ್, ಗಂಡನನ್ನೇ ನೋಡುತ್ತ. "ಬಕೆಟ್ಟು ಒಳಗೆ ತಂದವರದು."

ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜಿಗೆ ಮುಂಚೆ ಬಹ್ಜತ್, ಪೈಜಾಮಕ್ಕೆ ಹಗ್ಗದ ತುಂಡು ಬಿಗಿದು, ನಾಲ್ಕನೆಯ ಮಹಡಿಯಿಂದ ಇಳಿಯುತ್ತ ಮೆಟ್ಟಿಲು ಉಜ್ಜತೊಡಗಿದ. ಮಂಡಿಗಳು ತಮ್ಮ ಭಾಷೆಯಲ್ಲಿ ದೂರು ಹೇಳಿದವು. ಬಕೆಟ್ಟಿಗೆ ಒದ್ದೆ ಕೋಟನ್ನೇ ಮತ್ತೆ ತೊಡಿಸಿದ್ದ. ಆಶ್ಚರ್ಯವೆಂದರೆ ಸೀಸೆಯ ಜೇಬಿನಲ್ಲಿ ಬ್ರಷ್ಷು ಹೇಳಿ ಮಾಡಿಸಿದ ಹಾಗೆ ಕೂತಿತು, ಮೊಟ್ಟೆಯ ಜೇಬಿನಲ್ಲಿ ಸೋಪು, ರೊಟ್ಟಿಯದರಲ್ಲಿ ಚಿಂದಿ. ಒಂದಕ್ಕೂ ಬಗ್ಗಿ ಹುಡುಕಬೇಕಾಗಲಿಲ್ಲ. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಅವನು ತಾಯಿಯ ಧಾಟಿಯಲ್ಲಿ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದ.

ಹಾಜಿಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಕನ್ನಡಿಯಂಥ ಮೆಟ್ಟಿಲು, ಜೇಬಿನಿಂದ ಬರುವ ಬ್ರಷ್ಷು, ಜೇಬಿಗೆ ಮರಳುವ ಬ್ರಷ್ಷು.

"ಮಾಶಾಅಲ್ಲಾಹ್," ಎಂದಳು. "ನಾಲ್ಕು ಮನೆ ಹೆಂಗಸರು ಕೂಡಿದ್ರೂ ಹಿಂಗೆ ಬರ್ತಿರಲಿಲ್ಲ. ಎಲ್ಲರ ಹತ್ರನೂ ಮಾತಾಡಿ ಆಯ್ತು ಬಹ್ಜತ್. ಇನ್ನು ಈ ಬಕೆಟ್ಟು ಯಾರ ಬಾಗಿಲಿಗೂ ಹೋಗೋದು ಬೇಡ. ನಿಮ್ಮನೇಲೇ ಇರ್ಲಿ."