ಷೇರು ಬಾಡಿಗೆಗೆ ಬಿಟ್ಟ ಕಥೆ

ನಿವೃತ್ತಿಯಾದ ಮೇಲೆ ಮನುಷ್ಯರಿಗೆ ಬೇಕಾಗುವುದು ಹಣವಲ್ಲ, ಸಂಬಳ. ಎರಡೂ ಒಂದೇ ಅಲ್ಲವೇ ಎನ್ನುವವರು ಇನ್ನೂ ನಿವೃತ್ತರಾಗಿಲ್ಲ ಎಂದೇ ಅರ್ಥ. ವಿಮಾ ಕಚೇರಿಯಿಂದ ಹೊರಬಿದ್ದಾಗ ನನಗೆ ಗಂಟೂ ಸಿಕ್ಕಿತು, ಗಂಧದ ಹಾರವೂ ಸಿಕ್ಕಿತು. ಆದರೆ ತಿಂಗಳ ಕೊನೆಗೆ ಫೋನು ‘ಟಿಣ್’ ಅನ್ನುವುದು ನಿಂತುಹೋಯಿತು. ಚೆನ್ನೈನ ವಡಪಳನಿಯಲ್ಲಿ ಹೋಟೆಲು ನಡೆಸುವ ನನ್ನ ಗಂಡನಿಗೆ ಈ ಸಂಕಟ ಹೇಗೆ ಅರ್ಥವಾಗಬೇಕು? ಅವರ ಗಲ್ಲಾ ದಿನವಿಡೀ ಟಿಣ್ ಅನ್ನುತ್ತಲೇ ಇರುತ್ತದೆ.

ಹಾಗಾಗಿ ತಿಂಗಳು ತಿಂಗಳು ಹಣ ಕೊಡುವ ಎರಡು ಕವರ್ಡ್ ಕಾಲ್ ಫಂಡುಗಳನ್ನು ಹೋಲಿಸಲು ಕುಳಿತೆ. ಒಂದು, ತನ್ನ ಷೇರುಗಳನ್ನೆಲ್ಲ ಕರಾರಿಗೆ ಕಟ್ಟಿ ಹೆಚ್ಚು ಕೊಡುತ್ತಿತ್ತು. ಇನ್ನೊಂದು ಅರ್ಧವನ್ನಷ್ಟೇ ಕಟ್ಟಿ ಕಡಿಮೆ ಕೊಡುತ್ತಿತ್ತು. ಊಟದ ಹೊತ್ತಿಗೆ ಗಂಡನಿಗೂ ವಿವರಿಸಿದೆ: “ಷೇರು ನಮ್ಮದೇ. ಮುಂದೆ ಇಂಥ ಬೆಲೆಗೆ ಕೊಡ್ತೇವೆ ಅಂತ ಬೇರೆಯವರಿಗೆ ಮಾತು ಕೊಡೋದು. ಆ ಮಾತಿಗೆ ಅವರು ಈಗಲೇ ದುಡ್ಡು ಕೊಡ್ತಾರೆ.”

“ಬೆಲೆ ಅದಕ್ಕಿಂತ ಮೇಲೆ ಹೋದ್ರೆ?”

“ಮೇಲಿನ ಲಾಭ ಅವರಿಗೆ.”

“ಬಿದ್ರೆ?”

“ನಷ್ಟ ನಮಗೆ. ಆದ್ರೆ ಮಾತಿನ ದುಡ್ಡು ಉಳೀತದಲ್ಲ!”

ಅವರು ಸಾರನ್ನ ಕಲಸುವುದನ್ನು ನಿಲ್ಲಿಸಿದರು. “ಎಂತ ಮಾರಾಯ್ತಿ, ಊಟ ಅವರದ್ದು, ಎಲೆ ತೆಗೆಯೋದು ನಮ್ದಾ?”

ಹೋಟೆಲಿನವರಿಗೆ ಎಲ್ಲವೂ ಎಲೆಯೇ ಎಂದು ಮೂಗು ಮುರಿದು, ಹಠಕ್ಕೆ ಬಿದ್ದು ಹೆಚ್ಚು ಕೊಡುವ ಫಂಡಿಗೇ ಹಣ ಹಾಕಿದೆ. ಮೊದಲ ತಿಂಗಳು ದುಡ್ಡು ಬಂದಾಗ ಪುರಸೈವಾಕ್ಕಂಗೆ ಹೋಗಿ, ಅಗತ್ಯವಿಲ್ಲದಿದ್ದರೂ ಕುಕ್ಕರ್ ಕೊಂಡು ತಂದೆ. ಆಮೇಲೆ ಷೇರುಪೇಟೆ ಏರತೊಡಗಿತು. ಎಲ್ಲರ ಫಂಡೂ ಏರಿತು, ನನ್ನದು ಬಿಟ್ಟು. “ಅಮ್ಮಾ, ಉನ್ನೋಡದು ಮಟ್ಟುಂ ಅಪ್ಪಡಿಯೇ ಇರುಕ್ಕು!” ಎಂದು ಮಗಳು ತಮಿಳಿನಲ್ಲಿ ಕುಟುಕಿದಳು. “ನಿಂದು ಮಾತ್ರ ಹಾಗೇ ಇದೆ” ಎಂದು ಕನ್ನಡದಲ್ಲಿ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಪೇಟೆ ಬಿತ್ತು. ಏರುವಾಗ ಜೊತೆಗೆ ಬಾರದಿದ್ದ ನನ್ನ ಫಂಡು, ಇಳಿಯುವಾಗ ಮಾತ್ರ ಎಲ್ಲರ ಕೈಹಿಡಿದು ಇಳಿಯಿತು.

ಗಂಡ ಹಂಗಿಸುತ್ತಾರೆಂದು ಕಾದೆ. ಅವರೋ ಗಲ್ಲಾದಲ್ಲಿ ಕೂತು, “ನಮ್ಮನೆಯವಳು ಷೇರನ್ನೂ ಬಾಡಿಗೆಗೆ ಬಿಡ್ತಾಳೆ, ಗೊತ್ತುಂಟಾ?” ಎಂದು ಗಿರಾಕಿಗಳ ಮುಂದೆ ಮೆರೆಯುತ್ತಿದ್ದರಂತೆ! ಕಳೆದ ವಾರ ನಾನು ಹೋಟೆಲಿಗೆ ಹೋದಾಗ, ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರು ಕಾಫಿ ಲೋಟದ ಸಮೇತ ಎದ್ದು ನಿಂತರು. “ಮೇಡಂ, ಯಾವ ಫಂಡಿಗೆ ಹಾಕ್ಲಿ?”

“ಫಂಡೆಲ್ಲ ಬಿಡಿ ಸಾರ್, ಸುಮ್ನೆ ಎಫ್‌ಡಿಗೆ ಹಾಕಿ” ಎಂದೆ, ಗಂಡನ ಕಿವಿಗೆ ಬೀಳದಂತೆ.

ರಾಯರು ನನ್ನನ್ನೇ ದಿಟ್ಟಿಸಿ ನೋಡಿದರು. ಬಿಲ್ ಕೊಡುವಾಗ ಗಂಡನಿಗೆ ಹೇಳಿದರು: “ನಿಮ್ಮನೆಯವರು ಬಲು ಗಟ್ಟಿ ಸ್ವಾಮೀ, ಒಳ್ಳೇ ಫಂಡಿನ ಗುಟ್ಟು ಬಿಟ್ಟುಕೊಡೋದೇ ಇಲ್ಲ!”

ಗಂಡ ಉಬ್ಬಿಹೋದರು. ಸುಳ್ಳು ಯಾಕೆ, ನಾನೂ.