ಚಿಕ್ಕಪ್ಪನ ಅಂಡಮಾನ್

ಅಂಡಮಾನಿನ ಚೆಲುವನ್ನು ನಮ್ಮ ಚಿಕ್ಕಪ್ಪನಷ್ಟು ಬಲ್ಲವರು ಇಡೀ ಕಲ್ಕತ್ತೆಯಲ್ಲಿ ಇರಲಿಲ್ಲ. ಅಲ್ಲಿಗೆ ಹೋಗದವರ ಪೈಕಿಯಂತೂ ಅವರೇ ಮೊದಲಿಗರು!

ಎಪ್ಪತ್ತರ ದಶಕದ ಮಾತು. ಕುಂದಾಪುರ ಕಡೆಯ ಚಿಕ್ಕಪ್ಪ ಕಲ್ಕತ್ತೆಯ ಬ್ಯಾಂಕೊಂದರಲ್ಲಿ ಗುಮಾಸ್ತರು. ಕೆಲಸ ಹುಡುಕಿಕೊಂಡು ಬಂದ ನಾನು ಅವರ ಮನೆಯಲ್ಲೇ ಠಿಕಾಣಿ ಹೂಡಿದ್ದೆ. ಬ್ಯಾಂಕಿನವರು ಯಾರೋ ರಜೆಗೆ ಹಡಗಿನಲ್ಲಿ ಅಂಡಮಾನಿಗೆ ಹೋಗಿ ಬಂದು ಒಂದಿಷ್ಟು ವರ್ಣಿಸಿದ್ದರಂತೆ. ಅಷ್ಟೇ ಸಾಕಾಯಿತು! ಅಂದಿನಿಂದ ಮನೆಗೆ ಬಂದ ನೆಂಟರ ಬಾಳೆಲೆಯ ಮೇಲೆಲ್ಲ ದ್ವೀಪಗಳು ಏಳತೊಡಗಿದವು. ಅನ್ನವೇ ಬೆಟ್ಟ, ಸುತ್ತ ಹರಿದ ಸಾರೇ ಕಡಲು, ಕೋಸಂಬರಿ ಹವಳದ ದಿಬ್ಬ. ಹಸಿದ ನೆಂಟ ಬೆಟ್ಟಕ್ಕೆ ಕೈ ಹಾಕಿದರೆ, "ತಡೀರಿ ಮಾರಾಯ್ರೆ, ಸೂರ್ಯಾಸ್ತ ತೋರಿಸ್ಲಿಕ್ಕೆ ಬಾಕಿ ಉಂಟು!" ಎಂದು ತಡೆಯುತ್ತಿದ್ದರು. ಸೂರ್ಯ ಅಂದರೆ ಉಪ್ಪಿನಕಾಯಿ.

ಒಮ್ಮೆ ಪೋರ್ಟ್ ಬ್ಲೇರಿನಲ್ಲಿ ವರ್ಷಗಟ್ಟಲೆ ಇದ್ದವರೇ ಊಟಕ್ಕೆ ಬಂದರು. "ನೀವು ಹೇಳುವ ಜಲಪಾತ ನಾನು ನೋಡಿಯೇ ಇಲ್ಲವಲ್ಲ?" ಎಂದರು ಪಾಪ.

"ಆಫೀಸಿನ ಕೆಲಸದಲ್ಲಿ ನಿಮಗೆ ಪುರುಸೊತ್ತು ಆಗಿರ್ಲಿಕ್ಕಿಲ್ಲ ಬಿಡಿ," ಎಂದು ಚಿಕ್ಕಪ್ಪ ಅವರನ್ನು ಸಮಾಧಾನಪಡಿಸಿದರು.

ಹಾಗಾದರೆ ಸ್ವತಃ ಯಾಕೆ ಹೋಗಲಿಲ್ಲ? ಅದೇ ತಮಾಷೆ! ಕಡಲ ತಡಿಯಲ್ಲಿ ಹುಟ್ಟಿದ ಈ ವೀರರು ಹೂಗ್ಲಿ ದಾಟುವ ದೋಣಿಯಲ್ಲೇ ಕಣ್ಣು ಮುಚ್ಚಿ ಊರಿನ ದೇವರನ್ನೆಲ್ಲ ಕರೆಯುತ್ತಿದ್ದರು.

ಕೊನೆಗೆ ಚಿಕ್ಕಮ್ಮನೇ ಹೊರಟರು. "ಎಲೆಯಲ್ಲಿ ನೋಡಿ ನೋಡಿ ಸಾಕಾಯ್ತು. ನಿಜದ್ದು ಹೇಗುಂಟು ಅಂತ ಒಮ್ಮೆ ನೋಡಿ ಬರ್ತೇನೆ," ಎಂದವರೇ ಪಕ್ಕದ ಮನೆಯ ಬಂಗಾಳಿ ಕುಟುಂಬದ ಜೊತೆ ಹಡಗು ಹತ್ತಿಬಿಟ್ಟರು.

ಅವರು ಮರಳುವ ಹೊತ್ತಿಗೆ ಸರಿಯಾಗಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ರೇಡಿಯೋ ಹೇಳಿತು. ಬರಬೇಕಾದ ದಿನ ಹಡಗು ಬರಲಿಲ್ಲ. ಮರುದಿನವೂ ಇಲ್ಲ. ಚಿಕ್ಕಪ್ಪ ರೇಡಿಯೋ ಬಿಟ್ಟು ಏಳಲಿಲ್ಲ. ಊಟಕ್ಕೆ ಎಬ್ಬಿಸಿದರೆ ಗೋಡೆ ನೋಡುತ್ತಾ, "ನಾನು ಅಷ್ಟು ಚಂದ ಮಾಡಿ ಹೇಳದಿದ್ರೆ ಅವಳು ಹೋಗ್ತಿರ್ಲಿಲ್ಲ ಮಾರಾಯ," ಎಂದರು. ನಾನು ಅವರ ಜೊತೆ ಮಳೆಯಲ್ಲೇ ಖಿದಿರ್‌ಪುರದ ಹಡಗುಕಟ್ಟೆಗೆ ಹೋಗಿ ನಿಂತೆ.

ಸಂಜೆಯ ಹೊತ್ತಿಗೆ ಹಡಗು ಬಂತು! ಚಿಕ್ಕಮ್ಮ ನಗುತ್ತಲೇ ಇಳಿದರು. ನನಗೆ ಹೋದ ಜೀವ ಬಂದಂತಾಯಿತು.

"ಹೇಗಿತ್ತು ಚಿಕ್ಕಮ್ಮ?"

"ನೀರು ಎಷ್ಟು ತಿಳಿ ಅಂತಿ! ಮೀನು ಕಾಲಿನ ಹತ್ತಿರವೇ ಓಡಾಡ್ತದೆ. ಇವರು ಹೇಳಿದ್ದು ಏನೇನೂ ಸಾಲದು ಮಾರಾಯ!"

ನಾನು ನಕ್ಕೆ. ಚಿಕ್ಕಪ್ಪ ನಗಲಿಲ್ಲ. ಬೀದಿಗಿಳಿದರೆ ಹೆಂಡತಿಯನ್ನು ಹಿಂದೆ ಬಿಟ್ಟು ದುಡುದುಡು ನಡೆಯುವ ಆ ಮನುಷ್ಯ, ಅಷ್ಟು ಜನರೆದುರು ಆಕೆಯ ಕೈ ಹಿಡಿದುಕೊಂಡರು.

"ಬಿಡಿ, ಜನ ನೋಡ್ತಾರೆ," ಎಂದರು ಚಿಕ್ಕಮ್ಮ.

"ನೋಡ್ಲಿ."

ಟ್ರಾಮಿನಲ್ಲಿ ಕಂಡಕ್ಟರ್ ಟಿಕೆಟಿಗೆಂದು ಬಂದು ನಿಂತಾಗಲೂ ಅವರು ಆ ಕೈ ಬಿಡಲಿಲ್ಲ. ಟಿಕೆಟನ್ನು ನಾನೇ ತೆಗೆಸಿದೆ.